ಗಂಧದ ಗಿಡ ಯಾರದು?

ಜೋಳದ ಸೀಮೆ ಮಂಗಳವೇಢೆಯ ಕಟ್ಟೆಯ ಮೇಲೆ ಸರ್ಕಾರಿ ಮಾವನೂ ಖಾಸಗಿ ಅಳಿಯನೂ ಕಾಡು ಹಂಚಿಕೊಳ್ಳುತ್ತಿದ್ದರು. ಸುತ್ತ ಕಾಡೇ ಇಲ್ಲದ್ದರಿಂದ ಹಂಚಿಕೆ ಸಲೀಸಾಗಿತ್ತು.

“ಸರ್ಕಾರದ ಕೈಯಾಗಿದ್ರಷ್ಟ ಗಿಡ ಉಳೀತಾವ,” ಎಂದರು ಮಾವ. “ಹಂಗಾದ್ರ ಗಂಧ ಯಾಕ ಉಳೀಲಿಲ್ರಿ ಮಾವಾರ? ಮೈಸೂರು ಸೀಮ್ಯಾಗ ಟಿಪ್ಪು ಕಾಲದಾಗ ಅದು ದೊರೀದು, ಆಮ್ಯಾಲ ಸರ್ಕಾರದ್ದು. ರೈತನ ಹೊಲದಾಗ ಹುಟ್ಟಿದ್ರೂ ಅವನದಲ್ಲ. ಕಳುವಾದ್ರ ವಿಚಾರಣಿ ಮಾತ್ರ ಅವನದು! ಸಸಿ ಕಂಡಕೂಡ್ಲೆ ಕಿತ್ತೊಗದ್ರ ಅವನ್ನ ಬೈಯೂದ್ಯಾಕ? ಕರ್ನಾಟಕದವ್ರು 2001ರಾಗ ಕಾನೂನು ತಿದ್ದಿ ಗಿಡ ಹೊಲದವನದಂದಮ್ಯಾಲನ ಮಂದಿ ಧೈರ್ಯದಿಂದ ಹಚ್ಚಾಕತ್ತಿದ್ರು. ನಮ್ಮ ಮಹಾರಾಷ್ಟ್ರದಾಗೂ 1964ರ ಕಾಯ್ದೆ ಐತಿ: ಅಜ್ಜ ಹಚ್ಚಿದ ಹುಣಸಿ, ಮಾವು ಕಡೀಬೇಕಂದ್ರ ಅಪ್ಪಣಿ ಬೇಕು.”

“ಹಂಗಂದ್ರ ಎಲ್ಲಾ ಕಾಡೂ ನಿನ್ನ ಹೆಸರಿಗೆ ಬರಕೊಡೂಣೇನು? ನಮ್ಮ ಸೊಲ್ಲಾಪುರದ ಹತ್ರದ ನಾನ್ನಜದ ಹುಲ್ಲುಗಾವಲು ನೋಡು. ಅಲ್ಲಿರೂ ಯರಭೂತ ಹಕ್ಕಿಗೆ ಯಾವ ಸಂತ್ಯಾಗ ರೇಟೈತಿ?” ಮಾವನ ಈ ಪೆಟ್ಟು ನಿಜಕ್ಕೂ ಬಲವಾದದ್ದು; ಬೆಲೆಯಿಲ್ಲದ್ದನ್ನು ಕಾಯಲು ಮಾಲೀಕನಿಗೆ ಲಾಭವಿಲ್ಲ, ಅಲ್ಲಿ ಸರ್ಕಾರವೇ ಬೇಕು. ಆದರೆ 1979ರಲ್ಲಿ ಅದೇ ಸರ್ಕಾರ ಊರು, ಹೊಲಗಳನ್ನೆಲ್ಲ ಸೇರಿಸಿ ಸುಮಾರು 8,500 ಚದರ ಕಿಲೋಮೀಟರನ್ನು ಆ ಹಕ್ಕಿಯ ಅಭಯಾರಣ್ಯವೆಂದಿತು. ಹಕ್ಕಿ ಕರಗಿತು, ಜನ ಸಿಟ್ಟಾದರು. ಕೊನೆಗೆ ಅದನ್ನು ಸುಮಾರು 1,200ಕ್ಕೆ ಇಳಿಸಬೇಕಾಯಿತು. ಸಾರ್ವಜನಿಕವಾದದ್ದನ್ನು ಸರ್ಕಾರ ಕಾಯಲಿ, ಹೊಲದ ಗಿಡವನ್ನು ಹೊಲದವನಿಗೆ ಬಿಡಲಿ. ಎರಡನ್ನೂ ಒಂದೇ ಕಡತದಲ್ಲಿ ಕಟ್ಟಿಟ್ಟದ್ದೇ ತಪ್ಪು.

“ಈಗರ ಗಂಧ ರೈತನದಾತಲ್ಲ?” ಎಂದರು ಮಾವ. ಆಯಿತು. ಕಡಿಯಲು, ಸಾಗಿಸಲು ಮಾತ್ರ ಇಂದಿಗೂ ಅರಣ್ಯ ಇಲಾಖೆಯ ಅನುಮತಿ ಬೇಕು.