ಕಮ್ಮಿ ರೇಟಿನ ಪಿಸ್ತೂಲು

ಆತ್ಮರಕ್ಷಣೆಗೆ ಅಗ್ಗದ ಕೈಬಂದೂಕು ಆರಿಸುವ ಕೆಲಸ ಪಿರಿಯಾಪಟ್ಟಣದಲ್ಲಿ ಅಂಗಡಿಯಿಂದಲ್ಲ, ಅರ್ಜಿ ಬರೆಯುವವನ ಮೇಜಿನಿಂದ ಶುರುವಾಗುತ್ತದೆ.

“ಕಮ್ಮಿ ರೇಟಿಂದು ಯಾವ್ದದೆ ಸ್ವಾಮಿ?” ಎನ್ನುತ್ತಾನೆ ಹೊಗೆಸೊಪ್ಪಿನ ಬೆಳೆಗಾರ.

“ಕಾನ್ಪುರದ ಸರ್ಕಾರಿ ಕಾರ್ಖಾನೆಯ ‘ನಿರ್ಭೀಕ್’ ಇದೆ ಗೌಡ್ರೇ. .32 ರಿವಾಲ್ವರು, ತೂಕ ಅರ್ಧ ಕೆ.ಜಿ. 2014ರಲ್ಲಿ ಬಂದಾಗಲೇ ಸುಮಾರು 1.22 ಲಕ್ಷ.”

“ಅಷ್ಟು ದುಡ್ಗೆ ಹಸ ಬತ್ತವಲ್ಲ! ಹಾಲಾರ ಕೊಡ್ತವೆ.”

“ಹಸುವಿಗೆ ಲೈಸೆನ್ಸ್ ಬೇಡ. ಇದಕ್ಕೆ 1959ರ ಕಾಯ್ದೆ, 2016ರ ನಿಯಮ. ಜೀವಭಯ ಯಾರಿಂದ ಅಂತ ಬರೀಲಿ?”

“ಆನೆಯಿಂದ.”

ಇಲ್ಲಿ ಪೆನ್ನು ನಿಲ್ಲುತ್ತದೆ. ಹುಣಸೂರು, ಎಚ್.ಡಿ. ಕೋಟೆ ಕಡೆ ನಾಗರಹೊಳೆಯಿಂದ ಇಳಿದು ಬರುವ ಆನೆಗೆ .32 ಗುಂಡೆಂದರೆ ಬೆನ್ನು ತುರಿಸಿದಂತೆ. ಸಾಲದ್ದಕ್ಕೆ 1972ರ ವನ್ಯಜೀವಿ ಕಾಯ್ದೆಯೂ ಅದರ ಕಡೆಗೇ ಇದೆ. ಆದ್ದರಿಂದ ಅರ್ಜಿಯಲ್ಲಿ ಆನೆ ‘ಅಪರಿಚಿತ ವ್ಯಕ್ತಿ’ ಆಗುತ್ತದೆ. ಡಾಕ್ಟರ ಸರ್ಟಿಫಿಕೇಟು ಹೊತ್ತು ಅರ್ಜಿ ಜಿಲ್ಲಾಧಿಕಾರಿ ಕಚೇರಿಗೆ ಹೊರಡುತ್ತದೆ.

“ಎಲೆಕ್ಷನ್ ಬಂದ್ರೆ ಠಾಣೆಗೆ ಒಪ್ಪಿಸಿ ರಸೀದಿ ತಗೋಬೇಕು.”

“ಹೊಡೆದಾಟ ಆಗೋದೇ ಆವಾಗಲ್ವ?”

“ಅದಕ್ಕೇ.”

“ಕುಶಾಲನಗರದಾಚೆ ಲೈಸೆನ್ಸೇ ಬ್ಯಾಡ್ವಂತೆ?”

“ಕೊಡವರಿಗೆ, ಕೊಡಗಿನ ಜಮ್ಮಾ ಭೂಮಿಯ ಹಿಡುವಳಿದಾರರಿಗೆ 2029ರವರೆಗೆ ವಿನಾಯಿತಿ. ನೀವು ಹುಟ್ಟಿದ್ದು ಹೊಳೆಯ ಈಚೆ ದಡದಲ್ಲಿ.”

ಬೆಳೆಗಾರ ಅರ್ಜಿಯ ಕೂಲಿ ಕೊಟ್ಟು ಎದ್ದು ಪಟಾಕಿ ಅಂಗಡಿಯ ದಾರಿ ಹಿಡಿಯುತ್ತಾನೆ. ಅಲ್ಲಿ ಚೌಕಾಸಿಗೆ ಅವಕಾಶವಿದೆ.