ಕ್ರಿಸ್‌ಮಸ್ ಕಾಲದ ನ್ಯೂಯಾರ್ಕಿನಲ್ಲಿ ದಂಪತಿ ಸಂಚಾರ: ಒಂದು ಶಾಸ್ತ್ರವಿಚಾರ

ಮೊದಲಿಗೆ ಅಧಿಕಾರಿನಿರ್ಣಯ. ಮಗ ನ್ಯೂಯಾರ್ಕಿಗೆ ಹತ್ತಿರದ ಎಡಿಸನ್ ಎಂಬ ಊರಿನಲ್ಲಿರುವ, ಆರು ತಿಂಗಳ ಮಟ್ಟಿಗೆ ಬಂದಿರುವ, ಮೊಣಕಾಲು ಇನ್ನೂ ಅಷ್ಟಿಷ್ಟು ಮಾತು ಕೇಳುವ ನಿವೃತ್ತ ದಂಪತಿಗಳೇ ಈ ಶಾಸ್ತ್ರಕ್ಕೆ ಅಧಿಕಾರಿಗಳು. ಹೊಸದಾಗಿ ಮದುವೆಯಾದವರಿಗೆ ಪ್ರವೇಶವಿಲ್ಲ; ಅವರು ಊರು ನೋಡಲು ಹೋಗುವವರಲ್ಲ, ಊರಿಗೆ ತಮ್ಮನ್ನು ತೋರಿಸಲು ಹೋಗುವವರು. ಮಗನ ಕಾರಿನಲ್ಲಿ ಕೂತು ಹೋಗಿ ಬರುವವರದು ಸಂಚಾರವಲ್ಲ, ಸಾಗಾಣಿಕೆ. ರೈಲು ಹತ್ತಿ ಪೆನ್ ಸ್ಟೇಷನ್ನಿನಲ್ಲಿ ಇಳಿದು, ಯಾವ ಬಾಗಿಲಿನಿಂದ ಹೊರಬೀಳಬೇಕೆಂದು ಜಗಳವಾಡಿದ ಕ್ಷಣದಿಂದ ಶಾಸ್ತ್ರ ಆರಂಭವಾಗುತ್ತದೆ.

ಇಂಥದ್ದಕ್ಕೆಲ್ಲ ಶಾಸ್ತ್ರವೇ ಎಂದು ಮೂಗು ಮುರಿಯುವವರು ವಾಷಿಂಗ್ಟನ್ ಅರ್ವಿಂಗ್ ಎಂಬ ಪೂರ್ವಾಚಾರ್ಯರನ್ನು ನೆನೆಯಬೇಕು. 1809ರ ಡಿಸೆಂಬರ್ 6ರಂದು, ಕ್ರಿಸ್‌ಮಸ್ ತಾತನ ಮೂಲಪುರುಷನಾದ ಸಂತ ನಿಕೋಲಾಸನ ದಿನವೇ, ಅವರು ನಿಕರ್‌ಬಾಕರ್ ಎಂಬ ಇಲ್ಲದ ಪಂಡಿತನ ಹೆಸರಿನಲ್ಲಿ ನ್ಯೂಯಾರ್ಕಿನ ಅಣಕು ಇತಿಹಾಸವೊಂದನ್ನು ಹೊರತಂದರು. ಪಂಡಿತ ಕಾಣೆಯಾಗಿದ್ದಾನೆಂದು ಮೊದಲೇ ಪತ್ರಿಕೆಯಲ್ಲಿ ಪ್ರಕಟಣೆಯನ್ನೂ ಹಾಕಿಸಿದ್ದರು. 1812ರ ಪರಿಷ್ಕೃತ ಮುದ್ರಣದಲ್ಲಿ ಸಂತ ಮರಗಳ ತಲೆಯ ಮೇಲೆ ಗಾಡಿ ಹಾರಿಸಿಕೊಂಡು ಬಂದ. 1823ರಲ್ಲಿ ಟ್ರಾಯ್ ಎಂಬ ಊರಿನ ಪತ್ರಿಕೆಯಲ್ಲಿ ಹೆಸರಿಲ್ಲದೆ ಅಚ್ಚಾದ ಪದ್ಯವೊಂದು ಅವನಿಗೆ ಎಂಟು ಹಿಮಸಾರಂಗಗಳನ್ನು ಕಟ್ಟಿಕೊಟ್ಟಿತು. ಅಣಕವೇ ಮೆಲ್ಲಗೆ ಹಬ್ಬವಾಯಿತು. ಕಾಣೆಯಾದವರ ಶಾಸ್ತ್ರವೂ ನ್ಯೂಯಾರ್ಕಿಗೆ ಹೊಸದಲ್ಲ ಎಂಬುದನ್ನು ಓದುಗರು ಇಲ್ಲೇ ಗುರುತು ಹಾಕಿಕೊಳ್ಳಬೇಕು.

ದಂಪತಿಗಳು ಹೋಗುವುದು ರಾಕ್‌ಫೆಲ್ಲರ್ ಸೆಂಟರಿನ ಮರ ನೋಡಲಿಕ್ಕೆ ಎಂಬುದು ಪೂರ್ವಪಕ್ಷ. ಈ ಪಕ್ಷದವರಲ್ಲಿ ಸರಕಿಗೇನೂ ಕೊರತೆಯಿಲ್ಲ. 1931ರಲ್ಲಿ, ಕೆಲಸ ಸಿಕ್ಕರೆ ಸಾಕೆನ್ನುವ ಕಾಲದಲ್ಲಿ, ಅಲ್ಲಿ ಕಟ್ಟಡ ಕಟ್ಟುತ್ತಿದ್ದ ಕೂಲಿಯವರು ತಾವೇ ಕೈಯಿಂದ ದುಡ್ಡು ಹಾಕಿ ಇಪ್ಪತ್ತಡಿ ಮರವೊಂದನ್ನು ನಿಲ್ಲಿಸಿ ಕಾಗದದ ಮಾಲೆ ಹಾಕಿದ್ದರು. 1933ರಿಂದ ಅದು ಕಟ್ಟಳೆಯಾಯಿತು. ಈಗಿನದು 50,000ಕ್ಕೂ ಹೆಚ್ಚು ದೀಪಗಳ ನಾರ್ವೆ ಸ್ಪ್ರೂಸ್. 2018ರಿಂದ ತುದಿಯಲ್ಲಿ ಕೂರುವ ನಕ್ಷತ್ರಕ್ಕೆ 30 ಲಕ್ಷ ಹರಳು, ತೂಕ ಸುಮಾರು 400 ಕಿಲೋ. ಇದಿಷ್ಟೂ ಪತಿಗೆ ಕಂಠಪಾಠ; ರೈಲಿನಲ್ಲೇ ಒಪ್ಪಿಸಿಯಾಗಿರುತ್ತದೆ. “ನಾನೂರು ಕಿಲೋ ಕಣೇ” ಎಂದರೆ “ಬಿದ್ದರೆ?” ಎನ್ನುತ್ತಾರೆ ಪತ್ನಿ. ಭಾಷ್ಯಕಾರರು ಈ ಪ್ರಶ್ನೆಯನ್ನು ಮುಟ್ಟಿಲ್ಲ.

ಸಿದ್ಧಾಂತವೇ ಬೇರೆ. ಆ ಜನಜಂಗುಳಿಯಲ್ಲಿ ದಂಪತಿಗಳು ನೋಡುವುದು ಒಬ್ಬರನ್ನೊಬ್ಬರು, ಮಿಕ್ಕಿದ್ದೆಲ್ಲ ಹಿನ್ನೆಲೆ. ಮೈಸೂರಿನ ಮನೆಯಲ್ಲಿ ವರ್ಷಗಟ್ಟಲೆ ಪೇಪರಿನ ಮರೆಯಿಂದಲೇ “ಹೂಂ” ಎಂದ ಮನುಷ್ಯ ಫಿಫ್ತ್ ಅವೆನ್ಯೂದಲ್ಲಿ ನಿಮಿಷಕ್ಕೊಮ್ಮೆ ತಿರುಗಿ ನೋಡುತ್ತಾರೆ. ಆದರೆ ಇಲ್ಲಿ ಪ್ರತ್ಯಕ್ಷ ಪ್ರಮಾಣ ನಡೆಯದು, ಎದುರಿಗಿರುವುದು ಬರೀ ಆರಡಿ ಬೆನ್ನುಗಳು. ಅನುಮಾನವೇ ಗತಿ. ನೈಯಾಯಿಕರು ಹೊಗೆ ಕಂಡು ಬೆಂಕಿಯನ್ನು ಸಾಧಿಸಿದ ಹಾಗೆ ಪತ್ನಿ ಕಪ್ಪು ಕೋಟುಗಳ ನಡುವೆ ಮೆರೂನ್ ಮಂಕಿ ಟೋಪಿ ಕಂಡು ಪತಿಯನ್ನು ಸಾಧಿಸುತ್ತಾರೆ. ಎಲ್ಲೆಲ್ಲಿ ಮಂಕಿ ಟೋಪಿಯೋ ಅಲ್ಲಲ್ಲಿ ಪತಿ.

ಈ ವ್ಯಾಪ್ತಿಗೆ ವ್ಯಭಿಚಾರ ದೋಷ ತಟ್ಟುವುದು ಮರದ ಮುಂದಿನ ಸ್ಕೇಟಿಂಗ್ ಅಂಗಳದ ಕಟಕಟೆಯ ಬಳಿ. (ದೋಷದ ಹೆಸರು ತರ್ಕಶಾಸ್ತ್ರದ್ದು, ಮನೆಯಲ್ಲಿ ಗಟ್ಟಿಯಾಗಿ ಓದುವವರು ಎಚ್ಚರ.) ಪತ್ನಿ ಟೋಪಿಯವರ ತೋಳು ಜಗ್ಗಿ “ರೀ, ಸಾಕು ಬನ್ನಿ, ಕಾಲು ಮರಗಟ್ಟಿತು” ಎನ್ನುತ್ತಾರೆ. ಟೋಪಿ ತಿರುಗಿದರೆ ಒಳಗೆ ಬೇರೆಯದೇ ಮುಖ. ಆ ಮುಖ ಧಾರವಾಡದ ಕಡೆಯದು. “ನಮ್ಮಾಕಿನೂ ಕಾಣವಲ್ಲಳ್ರೀ. ಹಸರ ಶಾಲು. ನೋಡೀರೇನು?” ಎಂದು ತಿರುಗಿ ಕೇಳುತ್ತದೆ.

ನಡಿಗೆಯ ಗಣಿತ ಹೀಗಿದೆ. ಪೆನ್ ಸ್ಟೇಷನ್ನಿನ ಬಳಿ 34ನೆಯ ರಸ್ತೆ, ಮರವಿರುವುದು 49ನೆಯದರ ಆಚೆ. “ಬರೀ ಹದಿನೈದು ರಸ್ತೆ, ಮುಕ್ಕಾಲು ಮೈಲಿ” ಎನ್ನುತ್ತಾರೆ ಪತಿ. ಏಳನೆಯ ಅವೆನ್ಯೂದಿಂದ ಐದನೆಯದಕ್ಕೆ ಅಡ್ಡ ಹಾಯುವ ದೂರ ಈ ಲೆಕ್ಕಕ್ಕೆ ಸೇರದು. ಅದು ಪತ್ನಿಯ ಮೊಣಕಾಲಿನ ಖಾತೆ.

ಇನ್ನು ಗುಣಾಕಾರ ಮೀಮಾಂಸೆ. ಬ್ರಯಂಟ್ ಪಾರ್ಕಿನ ಮಳಿಗೆಯೆದುರು ಹಾಟ್ ಚಾಕೊಲೇಟಿನ ಬೆಲೆ ಓದಿ, ಡಾಲರನ್ನು ರೂಪಾಯಿಗೆ ಗುಣಿಸಿ, ಬಾಯಾರಿಕೆಯೇ ಇಲ್ಲವೆಂದು ಮುಂದೆ ನಡೆಯುವುದು ನಿತ್ಯಕರ್ಮ. ಮೊಮ್ಮಗನಿಗೆ ಏನಾದರೂ ಕೊಳ್ಳುವಾಗ ಗುಣಾಕಾರ ನಿಷಿದ್ಧ. ಸ್ಟೇಟನ್ ಐಲೆಂಡ್ ಫೆರಿಗೆ ಟಿಕೆಟ್ಟೇ ಇಲ್ಲ. 25 ನಿಮಿಷದ ಆ ದಾರಿಯಲ್ಲಿ ಸ್ವಾತಂತ್ರ್ಯದೇವಿಯ ದರ್ಶನವೂ ಆಗುವುದರಿಂದ ಅದು ಸಕಲ ಮತಗಳಿಗೂ ಸಮ್ಮತ.

ಪುಳಿಯೋಗರೆಯ ಪ್ರಕರಣ ಚಿಕ್ಕದು. ಸ್ಟೀಲ್ ಡಬ್ಬಿಯ ಮುಚ್ಚಳ ಚಳಿಗೆ ಬಿಗಿದಿರುತ್ತದೆ. ಗ್ಲೌಸ್ ಕಳಚದೆ ಅದು ಬಿಚ್ಚದು, ಕಳಚಿದರೆ ಬೆರಳು ಮಡಚದು. ಕೊನೆಗೆ ಪತಿ ಡಬ್ಬಿಯನ್ನು ಕೋಟಿನೊಳಗೆ ಕಂಕುಳಲ್ಲಿ ಇಟ್ಟುಕೊಂಡು ನಾಲ್ಕು ರಸ್ತೆ ನಡೆಯುತ್ತಾರೆ.

ಸಿದ್ಧಾಂತಕ್ಕೆ ಸಾಕ್ಷ್ಯ ಬೇಕೆಂದರೆ ರಾತ್ರಿ ಮಗ ಫೋನಿನ ಚಿತ್ರಗಳನ್ನು ಸರಿಸುವಾಗ ಪಕ್ಕದಲ್ಲಿ ನಿಲ್ಲಬೇಕು. ಅಮ್ಮ ಮೂಗು ಒರೆಸಿಕೊಳ್ಳುವುದು, ಅಮ್ಮ ಅರ್ಧ ಕಣ್ಣು ಮುಚ್ಚಿದ್ದು, ಅಮ್ಮ ಯಾರನ್ನೋ ಹುಡುಕುತ್ತಿರುವುದು.

“ಅಪ್ಪಾ, ಮರ ಎಲ್ಲಿ?”

“ಅಲ್ಲೇ ಇದೆಯಲ್ಲೋ, ನಿಮ್ಮಮ್ಮನ ಹಿಂದೆ.”