ಕ್ವಾಂಟಮ್ ವರ

ಬ್ರೋಕರ್ ಶಾಮಣ್ಣ: ಹುಡುಗ ಡಾಕ್ಟ್ರಾ ರಾಯರೇ?

ರಾಯರು: ಪೋಸ್ಟ್‌ಡಾಕ್. ಕ್ವಾಂಟಮ್ ಕೆಮಿಸ್ಟ್ರಿ.

ಶಾಮಣ್ಣ: ಪೋಸ್ಟು ಪರ್ಮನೆಂಟಾ?

ರಾಯರು: ವರ್ಷಾ ವರ್ಷಾ ರಿನ್ಯೂವಲ್ಲು.

ಶಾಮಣ್ಣ: ಬಾಡಿಗೆ ಮನೆಗೆ ಹನ್ನೊಂದೇ ತಿಂಗಳು. ನಿಮ್ಮದು ಒಂದು ಜಾಸ್ತೀನೇ ಬಿಡಿ! ಕೆಮಿಸ್ಟ್ರಿ ಅಂದ್ರೆ ಆಸಿಡ್ಡು ಗೀಸಿಡ್ಡು...?

ರಾಯರು: ಛೆ! ಟೆಸ್ಟ್‌ಟ್ಯೂಬ್ ಮುಟ್ಟೋದೇ ಇಲ್ಲ. 1926ರ ಶ್ರೋಡಿಂಗರ್ ಸಮೀಕರಣಾನ ಕಂಪ್ಯೂಟರಲ್ಲಿ ಬಿಡಿಸ್ತಾನೆ.

ಶಾಮಣ್ಣ: ಅಂದಿನಿಂದ ಇನ್ನೂ ಬಿಡಿಸ್ತಾನೇ ಇದ್ದಾರಾ?

ರಾಯರು: ಹೈಡ್ರೋಜನ್‌ಗೆ ಒಂದೇ ಎಲೆಕ್ಟ್ರಾನು, ಲೆಕ್ಕ ಕರಾರುವಾಕ್ಕು. ಹೀಲಿಯಂಗೆ ಎರಡು. ಎರಡಾದ ಮೇಲೆ ಎಲ್ಲಾ ಅಂದಾಜೇ.

ಶಾಮಣ್ಣ: ಸಂಸಾರವೂ ಹಾಗೇ ಸ್ವಾಮಿ. ಸಂಬಳ?

ರಾಯರು: ಫೆಲೋಶಿಪ್ಪು. ಬಂದೂ ಇದೆ, ಬಂದೂ ಇಲ್ಲ.

ಶಾಮಣ್ಣ: ಹುಡುಗಿ ಕಡೆಯವರು ಪಾಸ್‌ಬುಕ್ ನೋಡ್ತೀವಿ ಅಂದ್ರೆ?

ರಾಯರು: ಬೇಡಪ್ಪಾ! ನೋಡಿದ್ರೆ ಕೊಲ್ಯಾಪ್ಸ್ ಆಗುತ್ತೆ.

ಶಾಮಣ್ಣ: ಯಾವುದು, ಸಮೀಕರಣಾನಾ?

ರಾಯರು: ಸಂಬಂಧ!